ಒಂದು ಡಬ್ಬಿ, ಎರಡು ಮನೆ

ಮದುವೆಯಾಗಿ ವಾಡಿಗೆ ಬಂದ ಮೇಲೆ ಬಹಳ ವರ್ಷ ನಾನು ಟಿವಿಯಲ್ಲಿ ನನಗೆ ಬೇಕಾದದ್ದನ್ನು ನೋಡಿದವಳೇ ಅಲ್ಲ. ಶಹಾಬಾದಿನ ನಮ್ಮ ಶಾಲೆಯಲ್ಲಿ ಇದನ್ನು ಹೇಳಿದಾಗೆಲ್ಲ ಜೊತೆಯ ಟೀಚರುಗಳು ನನ್ನ ಅತ್ತೆಯನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದರು. ಅತ್ತೆ ಪಾಪ, ರಿಮೋಟನ್ನು ನನ್ನ ಕೈಗೇ ಕೊಟ್ಟುಬಿಡುತ್ತಿದ್ದರು. ನಾನು ಚಾನಲ್ ಬದಲಿಸಿದ ಕೂಡಲೇ ಕೂಗು ಬರುತ್ತಿದ್ದದ್ದು ಪಕ್ಕದ ಮನೆಯಿಂದ.

ಪಕ್ಕದ ಮನೆಯವರನ್ನು ಇಡೀ ಓಣಿ ಖಾಲಾ, ಎಂದರೆ ಚಿಕ್ಕಮ್ಮ, ಎನ್ನುತ್ತದೆ. ಅತ್ತೆಯ ವಯಸ್ಸಿನವರೇ, ಸೇಡಂ ಕಡೆಯವರು. ಅವರ ಮಗ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗೆ ಹೋದರೆ ಬರುವುದು ತಡ. ಎರಡೂ ಮನೆಗಳ ನಡುವೆ ಫರ್ಸಿಕಲ್ಲಿನ ಚಪ್ಪಡಿಗಳನ್ನು ಸಾಲಾಗಿ ನೆಟ್ಟ ಎದೆಮಟ್ಟದ ಗೋಡೆ. ಅವರ ಪಡಸಾಲೆಯ ಕಿಟಕಿಗೆ ನಮ್ಮ ಪಡಸಾಲೆಯ ಕಿಟಕಿ ನೇರ ಎದುರು. ಕೇಬಲ್ ನೋಡಲು ಸೆಟ್‌ಟಾಪ್ ಬಾಕ್ಸ್ ಎಂಬ ಡಬ್ಬಿ ಬೇಕೇಬೇಕು ಎಂದಾದ ಕಾಲಕ್ಕೆ ಕೇಬಲ್‌ನವನು ಬಂದು, ನಮ್ಮ ಡಬ್ಬಿಯಿಂದಲೇ ಒಂದು ವೈರು ಎಳೆದು, ಗೋಡೆ ದಾಟಿಸಿ ಖಾಲಾನ ಟಿವಿಗೂ ಸಿಕ್ಕಿಸಿ ಹೋಗಿದ್ದ. ಡಬ್ಬಿ ಒಂದು, ಟಿವಿ ಎರಡು. ನಮ್ಮಲ್ಲಿ ಯಾವ ಚಾನಲ್ಲೋ ಅವರಲ್ಲೂ ಅದೇ. ನಾವು ಟಿವಿ ಆರಿಸಿ ಮಲಗಬಹುದಿತ್ತು, ಡಬ್ಬಿ ಆರಿಸುವ ಹಾಗಿರಲಿಲ್ಲ.

ಹೀಗಾಗಿ ನಮ್ಮ ಮನೆಯಲ್ಲಿ ಚಾನಲ್ ಬದಲಿಸಬೇಕಾದರೆ ಮೊದಲು ಕಿಟಕಿಗೆ ಹೋಗಿ ಅಪ್ಪಣೆ ಕೇಳುವ ಪದ್ಧತಿ. ಚಿತ್ತಾಪುರದ ಕೋರ್ಟಿನಲ್ಲಿ ಗುಮಾಸ್ತರಾದ ನನ್ನ ಯಜಮಾನರು, ದಿನವಿಡೀ ವಕೀಲರ ಮೇಲೆ ರೇಗುವ ಮನುಷ್ಯ, ಸಂಜೆ ಕಿಟಕಿಯಲ್ಲಿ ನಿಂತು, "ಖಾಲಾ, ಜರಾ ಸ್ಕೋರ್ ನೋಡ್ಲಿಕ್ಕೆ ಹಾಕ್ತೀನ್ರಿ" ಎಂದು ಮೆತ್ತಗೆ ಕೇಳುತ್ತಿದ್ದರು. ಒಮ್ಮೆ ಕೇಳದೆ ಹಾಕಿಬಿಟ್ಟರು. ಗೋಡೆಯಾಚೆಯಿಂದ ಖಾಲಾ, "ಯಾರ್ರೀ ಅದು? ಅಲ್ಲಿ ನನ್ನ ಸೊಸಿ ಪೆಟ್ಟಿಗಿ ಹಿಡ್ಕೊಂಡು ಮನಿ ಬಿಟ್ಟು ಹೊಂಟಾಳ, ನೀವು ಚೆಂಡಾಟ ಹಚ್ಚೀರಿ" ಎಂದರು. ಖಾಲಾಗೆ ಸೊಸೆ ಇನ್ನೂ ಬಂದಿರಲಿಲ್ಲ. ಏಳು ಗಂಟೆಯ ಧಾರಾವಾಹಿಯ ನಾಯಕಿಯೇ ಅವರ ಸೊಸೆ.

ಆ ಏಳು ಗಂಟೆಯೇ ನನ್ನ ಶತ್ರು. ಅತ್ತೆ ಈಚೆಯ ಕಿಟಕಿಯ ಪಕ್ಕ, ಖಾಲಾ ಆಚೆಯ ಕಿಟಕಿಯ ಪಕ್ಕ. ಇಬ್ಬರೂ ತಮ್ಮ ತಮ್ಮ ಟಿವಿ ನೋಡುತ್ತ ಒಟ್ಟಿಗೆ ಬೈಯುವರು, ಒಟ್ಟಿಗೆ ಅಳುವರು, ಜಾಹೀರಾತು ಬಂದಾಗ ಕಿಟಕಿಗೆ ಬಾಯಿ ಹಚ್ಚಿ ನ್ಯಾಯ ಮಾಡುವರು. ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತ ನಾನು ಹಲ್ಲು ಕಡಿಯುತ್ತಿದ್ದೆ.

ಕೊನೆಗೆ ನಮ್ಮ ಓಣಿಗೂ ಇಂಟರ್ನೆಟ್ಟಿನ ವೈರು ಬಂತು. ತಂದವನು ಅದೇ ಕೇಬಲ್‌ನವನು. ನಾನು ಹಟ ಹಿಡಿದು ದೊಡ್ಡ ಟಿವಿ ತರಿಸಿದೆ, ಆ್ಯಪುಗಳನ್ನು ಹಾಕಿಸಿದೆ. ಖಾಲಾಗೆ ಅನ್ಯಾಯವಾಗಬಾರದೆಂದು ನಮ್ಮ ಡಬ್ಬಿಯನ್ನೂ ರಿಮೋಟನ್ನೂ ಅವರ ಮನೆಗೇ ಸಾಗಿಸಿದೆವು. ಅತ್ತೆ ಖಾಲಾಗೆ ವೈನಿ, ಅಂದರೆ ಅತ್ತಿಗೆ; ಖಾಲಾ ಅತ್ತೆಗೆ ಆಪಾ, ಅಂದರೆ ಅಕ್ಕ. ಅವತ್ತು ಸಂಜೆ ಗೋಡೆಯಾಚೆಯಿಂದ ಖಾಲಾನ ದನಿ ಬಂತು.

"ವೈನಿ, ಸುದ್ದಿ ಹಾಕ್ಲೇನ್ರಿ?"

"ಹಾಕ್ರಿ ಆಪಾ, ನನ್ನನ್ನೇನು ಕೇಳ್ತೀರಿ? ಡಬ್ಬಿ ಈಗ ನಿಮ್ದೇ ಅದ" ಎಂದರು ಅತ್ತೆ. ಖಾಲಾಗೆ ಮಾತ್ರ ಕೇಳದೆ ಹಾಕುವ ಧೈರ್ಯ ಬರಲು ಸುಮಾರು ದಿನ ಬೇಕಾಯಿತು.

ಅತ್ತೆಗೆ ನಾನು ಹೊಸ ಟಿವಿಯ ಮಹಿಮೆ ವಿವರಿಸಿದೆ. ಯಾವಾಗ ಬೇಕಾದರೂ ನೋಡಬಹುದು, ನಿಲ್ಲಿಸಬಹುದು, ಹಿಂದೆ ಹೋಗಬಹುದು. ಅವರು ಎಲ್ಲವನ್ನೂ ಕೇಳಿ, "ಯಾವಾಗ ಬೇಕಾದಾಗ ಅಂದ್ರ, ಮತ್ತ ಏಳಕ್ಕ ಏನು ಮಾಡಬೇಕು?" ಎಂದರು. ಅದನ್ನು ನಾನು ಅವರ ತಿಳಿಗೇಡಿತನವೆಂದು ಬಿಟ್ಟುಬಿಟ್ಟೆ.

ತಿಳಿಗೇಡಿ ನಾನೇ. ವಾರ ಕಳೆಯುವುದರೊಳಗೆ ಅತ್ತೆ ಆ್ಯಪನ್ನು ಅರೆದು ಕುಡಿದಿದ್ದರು. ಟಿವಿಯಲ್ಲಿ ಸಂಜೆ ಬರುವ ಕಂತು ಆ್ಯಪಿನಲ್ಲಿ ಮೊದಲೇ ಬಂದಿರುತ್ತದೆ ಎಂಬುದನ್ನು ನನಗೆ ಹೇಳಿಕೊಟ್ಟವರೂ ಅವರೇ. ಮಧ್ಯಾಹ್ನ ಉಂಡು, ಕಾಲು ಚಾಚಿ, ಸಂಜೆಯ ಕಥೆಯನ್ನು ಮುಗಿಸಿಬಿಡುವರು. ಆಮೇಲೆ ಗೋಡೆಗೆ ಹೋಗಿ ಏನೂ ಅರಿಯದವರಂತೆ, "ಆಪಾ, ನನಗ್ಯಾಕೋ ಇವತ್ತು ಆಕಿ ಗಂಡಗ ಎಲ್ಲಾ ತಿಳೀತದ ಅನ್ನಿಸ್ಲಿಕತ್ತದ" ಎನ್ನುವರು. ಸಂಜೆ ಗಂಡನಿಗೆ ತಿಳಿಯುತ್ತಿತ್ತು.

"ನಿಮ್ಮ ನಾಲಿಗಿ ಮ್ಯಾಲ ಮಚ್ಚಿ ಅದೇನ್ರಿ ವೈನಿ?" ಎಂದು ಖಾಲಾ ಬೆರಗಾದರು. ಬೆರಗನ್ನು ಅವರು ಮನೆಯಲ್ಲಿಟ್ಟುಕೊಳ್ಳಲಿಲ್ಲ, ಓಣಿಗೆಲ್ಲ ಹಂಚಿದರು. ಹಿಂದಿನ ಮನೆಯಾಕೆ ಮಗಳಿಗೆ ಚಿಂಚೋಳಿಯಿಂದ ಬಂದ ಸಂಬಂಧ ಕುದುರುತ್ತದೋ ಇಲ್ಲವೋ ಎಂದು ಕೇಳಲು ನಮ್ಮ ಬಾಗಿಲಿಗೆ ಬಂದಳು. ಅತ್ತೆ ಕಣ್ಣು ಮುಚ್ಚಿ, ಸ್ವಲ್ಪ ತಡೆದು, "ಆಗ್ತದ" ಎಂದರು. ಆ ಸಂಬಂಧ ಕುದುರಿಯೂಬಿಟ್ಟಿತು, ನನ್ನ ಕರ್ಮ.

"ಇದು ಭಾಳಾಯ್ತು ಅತ್ತಿ, ಖಾಲಾಗ ಹೇಳಿಬಿಡ್ರಿ" ಎಂದೆ. ಅವರು ಕೇಳಲಿಲ್ಲ. ನಾಯಕಿ ಮತ್ತೊಮ್ಮೆ ಮನೆ ಬಿಟ್ಟ ದಿನ ಮಧ್ಯಾಹ್ನವೇ ಒಂದು ಸುತ್ತು ಅತ್ತು ಮುಖ ತೊಳೆದಿದ್ದರು. ಸಂಜೆ ಏಳಕ್ಕೆ ಮತ್ತೆ ಕಿಟಕಿಗೆ ಹೋಗಿ ಕುಳಿತರು. ನಮ್ಮ ಟಿವಿ ಆರಿತ್ತು. ಆಚೆಯ ಟಿವಿಯ ದನಿಗೆ ಕಿವಿಗೊಟ್ಟು, ಸರಿಯಾದ ಜಾಗದಲ್ಲಿ ಸೆರಗು ಕಣ್ಣಿಗೆ ಒತ್ತಿ ಬಿಕ್ಕಿದರು. ನಾನು ನಕ್ಕುಬಿಟ್ಟೆ.

"ಮಧ್ಯಾಹ್ನ ಅತ್ತಾಗಿತ್ತಲ್ರಿ?"

"ಸುಮ್ಕಿರು. ಪಾಪ, ಆಕಿ ಒಬ್ಬಾಕಿನೇ ಅಳಬೇಕೇನು?" ಎಂದು ಪಿಸುಗುಟ್ಟಿದರು.

ಅವರನ್ನು ಹಿಡಿದುಕೊಟ್ಟದ್ದು ಕರೆಂಟು. ಅವತ್ತು ಏಳಕ್ಕೆ ಸ್ವಲ್ಪ ಮೊದಲು ಇಡೀ ಓಣಿ ಕತ್ತಲಾಯಿತು. ಖಾಲಾ ಗೋಡೆಗೆ ಬಂದು ಚಡಪಡಿಸಿದರು. ನಾಯಕಿ ಆಸ್ಪತ್ರೆಯಲ್ಲಿದ್ದಳು, ಉಳಿಯುತ್ತಾಳೋ ಇಲ್ಲವೋ ಎಂಬ ಘಟ್ಟ. ಕಾದರು, ಕಾದರು. ಏಳೂವರೆ ದಾಟಿತು, ಕರೆಂಟಿಲ್ಲ. ಅವರ ಸಂಕಟ ನೋಡಲಾರದೆ ಅತ್ತೆ ಬಾಯಿ ಬಿಟ್ಟರು. ಡಾಕ್ಟರು ಹೊರಗೆ ಬಂದದ್ದು, ತಲೆ ಅಲ್ಲಾಡಿಸಿದ್ದು, ಗಂಡ ಗೋಡೆಗೆ ಹಣೆ ಚಚ್ಚಿಕೊಂಡದ್ದು, ಅಷ್ಟರಲ್ಲಿ ಅವಳ ಬೆರಳು ಅಲುಗಾಡಿದ್ದು, ಎಲ್ಲವನ್ನೂ ಮಾತಿಗೆ ಮಾತು ಒಪ್ಪಿಸಿದರು. "ಜೀವಕ್ಕೇನೂ ಆಗಿಲ್ಲ ಆಪಾ, ಆರಾಮ್ ಹೋಗಿ ಉಣ್ರಿ."

ಖಾಲಾ ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟರು. ಆಮೇಲೆ ಆ ಕೈ ನಿಧಾನವಾಗಿ ಕೆಳಗಿಳಿಯಿತು.

"ವೈನಿ, ಕರೆಂಟಿಲ್ಲ. ನೀವೆಲ್ಲಿ ನೋಡಿದ್ರಿ?"

ಅತ್ತೆಗೆ ಸುಳ್ಳು ಹೊಳೆಯಲಿಲ್ಲ. ಮಧ್ಯಾಹ್ನವೇ ಬರುತ್ತದೆ, ಹೊಸ ಟಿವಿಯಲ್ಲಿ ಹಾಗೇ, ದಿನವೂ ಹಾಗೇ ಎಂದು ತಡವರಿಸಿದರು. ಖಾಲಾ ಕೂಗಾಡಿದ್ದರೆ ವಾಸಿಯಿತ್ತು. ಅವರು ಸಣ್ಣ ದನಿಯಲ್ಲಿ ಕೇಳಿದರು.

"ಅಂದ್ರ ಇಷ್ಟು ದಿನ ನನ್ನ ಕೂಡ ಅತ್ತಿದ್ದು ಸುಳ್ಳೇನ್ರಿ? ನಾ ಒಬ್ಬಾಕಿನೇ ಹುಚ್ಚಿಗತೆ ಅಳ್ಲಿಕತ್ತಿದ್ನಾ?"

ಒಳಗೆ ಹೋಗಿ ಕಿಟಕಿ ಹಾಕಿಕೊಂಡರು. ಆ ಬೇಸಿಗೆಯ ಸೆಖೆಯಲ್ಲಿ, ಫ್ಯಾನೂ ಇಲ್ಲದಾಗ, ಕಿಟಕಿ ಹಾಕಿಕೊಂಡರು. ವಾಡಿಯ ಬೇಸಿಗೆ ಗೊತ್ತಿದ್ದವರಿಗೆ ಅದು ಎಂಥ ಸಿಟ್ಟು ಎಂದು ತಿಳಿದೀತು.

ಕಿಟಕಿ ಮರುದಿನವೂ ತೆರೆಯಲಿಲ್ಲ, ಅದರ ಮರುದಿನವೂ. ಅತ್ತೆ ಗೋಡೆಯ ಮೇಲಿಟ್ಟ ಬದನೆಕಾಯಿ ಪಲ್ಲೆಯ ಬಟ್ಟಲು ಇಟ್ಟಲ್ಲೇ ಇತ್ತು, ಬೆಕ್ಕಿನ ಪಾಲಾಯಿತು. ಅತ್ತೆ ಮಧ್ಯಾಹ್ನ ಟಿವಿ ಹಚ್ಚುವುದನ್ನೇ ಬಿಟ್ಟರು. ನಾನು ಶಾಲೆಯಿಂದ ಬಂದವಳೇ ಕೈಕಾಲು ತೊಳೆದು, ಬರ್ರಿ ಅತ್ತಿ, ನಾನೂ ನೀವೂ ಕೂಡಿ ನೋಡೋಣ ಎಂದು ಕೂರಿಸಿದೆ. ಒಳ್ಳೆಯ ಮನಸ್ಸಿನಿಂದಲೇ ಕುಳಿತಿದ್ದೆ. ಆದರೆ ಆ ನಾಯಕಿ ಪೊಲೀಸರಿಗೆ ಒಂದು ಫೋನು ಮಾಡಿದ್ದರೆ ಕಥೆ ಎಂದೋ ಮುಗಿಯುತ್ತಿತ್ತು, ಅದನ್ನು ಹೇಳದೆ ಹೇಗಿರುವುದು? ಹೇಳಿದೆ. ಆಸ್ಪತ್ರೆಯ ಮಂಚದಲ್ಲಿ ಯಾರಾದರೂ ಕಾಂಜೀವರಂ ಸೀರೆ ಉಟ್ಟು ಮಲಗುತ್ತಾರೆಯೇ ಎಂದೂ ಕೇಳಿದೆ.

ಅತ್ತೆ ರಿಮೋಟು ತೆಗೆದುಕೊಂಡು ಆರಿಸಿದರು. "ನೀ ಪೇಪರ್ ತಿದ್ದು ಹೋಗವ್ವ" ಎಂದರು.

ಆಮೇಲೆ ಅಲ್ಲಿಯೇ ಕುಳಿತಿದ್ದರು, ಆರಿದ ಟಿವಿಯ ಮುಂದೆ. ಗಡಿಯಾರ ನೋಡಿದರು. ಏಳಕ್ಕೆ ಇನ್ನೂ ಸ್ವಲ್ಪ ಇತ್ತು. ಎದ್ದು ಸೀರೆ ಸರಿಮಾಡಿಕೊಂಡು, "ನನ್ನ ಕೈ ಹಿಡಿ, ಆ ಕಡಿ ಹೋಗಬೇಕು" ಎಂದರು.

ಖಾಲಾನ ಮನೆಗೆ ಬಾಗಿಲು ಹಿಂದಿನ ಓಣಿಯಿಂದ. ಮಸೀದಿಯ ಮುಂದಿನಿಂದ ಸುತ್ತು ಹಾಕಿ ಹೋಗಬೇಕು, ಅತ್ತೆಗೆ ಮೊಣಕಾಲು ನೋವು. ಹಬ್ಬಕ್ಕೆ, ಸಾವಿಗೆ ಬಿಟ್ಟರೆ ಅವರು ಆ ದಾರಿ ತುಳಿದದ್ದಿಲ್ಲ, ಗೋಡೆಯಿತ್ತಲ್ಲ. ಅಲ್ಲಲ್ಲಿ ನಿಂತು ಮೊಣಕಾಲು ಒತ್ತಿಕೊಂಡು, ನನ್ನ ಭುಜದ ಮೇಲೆ ಭಾರ ಬಿಟ್ಟು ನಡೆದರು.

ಖಾಲಾ ಬಾಗಿಲು ತೆರೆದರು. ಒಳಗೆ ಟಿವಿಯಲ್ಲಿ ಸೋಪಿನ ಜಾಹೀರಾತು ನಡೆದಿತ್ತು. ಅವರು ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡೇ ನಿಂತರು.

ಅತ್ತೆ ಹೊಸ್ತಿಲಾಚೆಯೇ ನಿಂತು, ಏದುಸಿರು ಬಿಡುತ್ತ ಹೇಳಿದರು: "ಆಪಾ, ತಪ್ಪಾಯ್ತು. ನಿಮ್ಮನ್ನ ಬಿಟ್ಟು ಮುಂದ ಹೋಗಿ ನೋಡಿದೆ. ಅಲ್ಲಿ ಯಾರೂ ಇರಲಿಲ್ರಿ."

ಖಾಲಾ ಅವರ ಮುಖ ನೋಡಿದರು, ಮೊಣಕಾಲು ಒತ್ತಿಕೊಳ್ಳುತ್ತಿದ್ದ ಕೈ ನೋಡಿದರು.

"ಚಪ್ಪಲಿ ಒಳಗ ಬಿಡ್ರಿ ವೈನಿ, ಹೊರಗ ಬಿಟ್ರ ನಾಯಿ ಒಯ್ತಾವ" ಎಂದರು. ಆಮೇಲೆ ಗೋಡೆಗೆ ಒರಗುವಂತೆ ದಿಂಬು ಸರಿಸಿ, ಅತ್ತೆಯ ರಟ್ಟೆ ಹಿಡಿದು ಕೂರಿಸಿ, ತಾವೂ ಪಕ್ಕದಲ್ಲಿ ಕುಳಿತರು. ಧಾರಾವಾಹಿಯ ಹಾಡು ಶುರುವಾಯಿತು. ಇಷ್ಟು ವರ್ಷ ಕೂಡಿ ಟಿವಿ ನೋಡಿದವರು ಒಂದೇ ಟಿವಿಯ ಮುಂದೆ ಕುಳಿತದ್ದು ಅದೇ ಮೊದಲು. ನನ್ನನ್ನು ಯಾರೂ ಕುಂದ್ರು ಎನ್ನಲಿಲ್ಲ.

ಮಸೀದಿ ಸುತ್ತಿಕೊಂಡು ಒಬ್ಬಳೇ ಮನೆಗೆ ಬರುವಾಗ ನನಗೆ ಅಳು ಬಂತು. ಆ ಧಾರಾವಾಹಿಗೆ ನಾನು ಒಮ್ಮೆಯೂ ಅತ್ತವಳಲ್ಲ.