ಅರ್ಧ ಬಂದ ಅಪ್ಪಣೆ

ಪೂರ್ತಿಯಕ್ಕ ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಕಚೇರಿಯಿಂದ ಮ್ಯಾನೇಜರು ಬಂದು, ತುಂಬಲಾರದ ನಷ್ಟ ಎಂದರು. ಬದುಕಿದ್ದಾಗ ಅವಳ ಮಾತನ್ನು ಕಾಲಕಸ ಮಾಡಿದ್ದೂ ಅವರೇ.

ಪೂರ್ತಿಯಕ್ಕ ಎಂದು ಅಡ್ಡಹೆಸರು ಇಟ್ಟವಳು ತಂಗಿ. ಗಂಡ ಊಟಕ್ಕೆ ಕೂತು "ಉಪ್ಪು..." ಎಂದರೆ ಅಕ್ಕ ಏಳುತ್ತಿರಲಿಲ್ಲ.

"ಕೊಡಕ್ಕಾ, ಪಾಪ ಭಾವ."

"ಪೂರ್ತಿ ಹೇಳ್ಲಿ. ಜಾಸ್ತಿ ಆಗಿದೆ ಅಂತಾರೋ ಏನೋ."

ಈ ಹಟ ಕೆಲಸದಿಂದ ಬಂದದ್ದು. ರೋಗಿಯ ರಕ್ತನಾಳಕ್ಕೆ ಔಷಧ ಹರಿಸುವ ಪಂಪುಗಳ ಕಂಪನಿ. ಪಂಪಿನೊಳಗಿನ ಕಂಪ್ಯೂಟರಿನ ತಿರುಳು, ಕರ್ನೆಲ್, ಅವಳ ಪಾಲಿನದು. ಅಲ್ಲಿ ಕೆಲವು ಫೈಲುಗಳು ಹೆಸರಿಗಷ್ಟೇ ಫೈಲು, ಡಿಸ್ಕಿನಲ್ಲಿ ಎಲ್ಲಿಯೂ ಇಲ್ಲ. ಓದಲು ಹೋದಾಗ ಉತ್ತರ ಹುಟ್ಟುತ್ತದೆ; ತುಂಡು ತುಂಡಾಗಿ ಓದಿದರೆ ಅರ್ಧ ಹಳೆಯದು, ಅರ್ಧ ಹೊಸದು ಸಿಕ್ಕೀತು. ಬರೆಯುವಾಗ ಇನ್ನೂ ಕೇಡು, ಬರೆದದ್ದೇ ಅಪ್ಪಣೆ; ಗಂಟೆಗೆ ಎಷ್ಟು ಔಷಧ ಹರಿಸಬೇಕೆಂಬ ಅಂಕಿಯೂ ಹೀಗೇ ಹೋಗುತ್ತದೆ. ಹನ್ನೆರಡರ ಅಂಕಿಗಳು ಬೇರೆಬೇರೆಯಾಗಿ ಬಂದರೆ ಕರ್ನೆಲ್ ಮೊದಲು ಒಂದಕ್ಕೆ ತಲೆಬಾಗುತ್ತದೆ, ಮರುಕ್ಷಣ ಎರಡಕ್ಕೆ. ಹನ್ನೆರಡು ಬೇಕಾದವನಿಗೆ ಎರಡೇ ಗತಿ.

ಅವಳು ಒಂದು ಕಾವಲು ಹಾಕಿದಳು. ಅಂಕಿಯ ಕೊನೆಗೆ ಮುಕ್ತಾಯದ ಗುರುತು ಬಾರದಿದ್ದರೆ ಅಪ್ಪಣೆಯನ್ನು ತಳ್ಳಿಹಾಕಿ, ಪಂಪು ಕೂಗಬೇಕು.

ಆಸ್ಪತ್ರೆಗಳಲ್ಲಿ ಪಂಪುಗಳು ಕೂಗಿದವು. ಮ್ಯಾನೇಜರು ಕರೆಸಿದರು.

"ಏನಮ್ಮಾ, ಮುಟ್ಟಿದ್ರೆ ಮುನಿ ಥರ ಆಡುತ್ತೆ ನಿನ್ನ ಪಂಪು. ಗಿರಾಕಿಗಳು ವಾಪಸ್ ಕಳಿಸ್ತಿದ್ದಾರೆ."

"ತುಂಡಾಗಿ ಬರ್ತಿದೆ ಸಾರ್, ಅದಕ್ಕೇ. ಗುಂಡಿ ಒತ್ತಿದ ಅಂಕಿ ಕಳಿಸೋ ಪ್ರೋಗ್ರಾಂ ಸರಿ ಮಾಡಿಸಿ."

"ನಮ್ಮ ಮೇಜಿನ ಮೇಲೆ ಒಂದ್ಸಲಾನೂ ಆಗಿಲ್ವಲ್ಲ?"

ಆಗುವುದು ಹೇಗೆ? ಪರೀಕ್ಷೆ ಮಾಡುವವರು ಪಂಪಿನ ಗುಂಡಿ ಮುಟ್ಟುತ್ತಲೇ ಇರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಅಂಕಿ ಟೈಪಿಸಿ ಎಂಟರ್ ಒತ್ತುತ್ತಿದ್ದರು, ಅದು ಇಡಿಯಾಗಿಯೇ ಹೋಗುತ್ತಿತ್ತು. ಕಾಯಿಲೆ ಗೊತ್ತಾಗಿ ಅವಳು ರಜೆ ಹಾಕಿದ ವಾರವೇ ಕಾವಲನ್ನು ಕಿತ್ತುಹಾಕಿದರು. ಪಂಪುಗಳು ಬಾಯಿ ಮುಚ್ಚಿದವು. ಮಾರಾಟ ಚೆನ್ನಾಯಿತು.

ಕೊನೆಗೆ ಅವಳ ಹಾಸಿಗೆಯ ಪಕ್ಕಕ್ಕೇ ಅಂಥದೊಂದು ಪಂಪು ಬಂತು, ಹೊಚ್ಚ ಹೊಸದು. ಅದರೊಳಗೆ ನೋವಿನ ಔಷಧ. ನರ್ಸು ಗುಂಡಿ ಒತ್ತಿ ಹೋದರು. ನೋವು ಇಳಿಯಲಿಲ್ಲ.

"ಎಷ್ಟು ತೋರಿಸ್ತಿದೆ?" ಎಂದು ತಂಗಿಯನ್ನು ಕೇಳಿದಳು.

"ಹನ್ನೆರಡು ಅಂತಿದೆ ಅಕ್ಕಾ. ಸುಮ್ನೆ ಮಲಗು."

"ಅದು ನರ್ಸ್ ಒತ್ತಿದ್ದು, ಹರೀತಿರೋದಲ್ಲ. ಹನಿ ನೋಡು."

ಹನಿ ನೋಡಿ ತಂಗಿಗೆ ಏನೂ ತಿಳಿಯಲಿಲ್ಲ. ಪೂರ್ತಿಯಕ್ಕ ದಿಂಬಿನ ಮೇಲೆ ತಾನೇ ಕತ್ತು ಹೊರಳಿಸಿ, ಕೊಳವೆಯ ಬುಡ್ಡಿಯೊಳಗೆ ಒಂದು ಹನಿ ಬೀಳುವುದನ್ನು ನೋಡಿದಳು; ಮುಂದಿನದಕ್ಕೆ ಕಾಯತೊಡಗಿದಳು.