ಕೊಡಕ್ಕಿಂತ ಮುಂಚೆ ಇಳಿಯುವ ಹಗ್ಗ

ಕೋಳಿ ಇನ್ನೂ ಕೂಗಿಲ್ಲ. ಊರ ಬಾವಿಯ ಕಟ್ಟೆಯ ಮೇಲೆ ನಿಂತು ಭೀಮಬಾಯಿ ಆಗಲೇ ಹಗ್ಗ ಇಳಿಬಿಡುತ್ತಿದ್ದಾರೆ. ಹಗ್ಗದ ತುದಿಗೆ ಕಲ್ಲು, ಮೊಳಕ್ಕೊಂದು ಗಂಟು. ಕಲ್ಲು ನೀರಿಗೆ ಬಿದ್ದ ಸಪ್ಪಳ ಕೇಳಿದ್ದೇ ಗಂಟು ಎಣಿಸುತ್ತಾರೆ. ಹನ್ನೊಂದು. ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ಹಳ್ಳದ ದಂಡೆ ಹಿಡಿದು ಮೇಲಿನ ಬಾವಿಗಳತ್ತ ನಡೆಯುತ್ತಾರೆ.

ಸೇಡಂ ತಾಲ್ಲೂಕಿನ ಆಡಕಿಯ ಆಚೆಗಿನ ಈ ಹಳ್ಳಿಯಲ್ಲಿ ಬಾವಿಗಳು ಐದು. ಎರಡು ಊರ ಬದಿಯಲ್ಲಿ, ಮೂರು ಹಳ್ಳದ ಮೇಲ್ಭಾಗದಲ್ಲಿ. ಮೇಲಿನ ಮೂರು ಬತ್ತಿದರೆ ಭೀಮಬಾಯಿಯ ಓಣಿಯ ಹೊಲಗಳೆಲ್ಲ ಬೀಳು. ಎಪ್ಪತ್ತೆರಡರ ಬರದಲ್ಲಿ ಹಾಗೇ ಆಯಿತು. ತಳ ಕಾಣುವ ತನಕ ಯಾರೂ ಬಾವಿಯೊಳಗೆ ಇಣುಕಿರಲಿಲ್ಲ. ಮರುವರ್ಷ ಭೀಮಬಾಯಿ ಹಗ್ಗ ಹಿಡಿದರು, ಇಂದಿಗೆ ಒಂಬತ್ತು ವರ್ಷ. ಯಾರೂ ನೇಮಿಸಿದ್ದಲ್ಲ. ಬೆಳಕು ಹರಿದರೆ ಕಳೆ ಕೀಳಲು ಹೋಗಲೇಬೇಕು.

ಊರ ಹೆಬ್ಬಾಗಿಲಾದ ಅಗಸಿಯಲ್ಲಿ ನಿಲ್ಲಿಸಿದ ಶಹಾಬಾದಿ ಕಲ್ಲಿನ ಮೇಲೆ ದಿನವೂ ಸುಣ್ಣದಿಂದ ಐದು ಗೆರೆ ಎಳೆಯುತ್ತಾರೆ. ನೀರು ಇಳಿದಷ್ಟೂ ಗೆರೆ ಉದ್ದ. ಅಮಾವಾಸ್ಯೆಗೊಮ್ಮೆ ಊರವರು ಅದರ ಮುಂದೆ ಕುಳಿತು ಯಾರ ಪಂಪು ಯಾವ ದಿನ ಎಂದು ಗೊತ್ತುಮಾಡುತ್ತಾರೆ.

ಮೊದಲ ವರ್ಷ ಒಂದು ಎಡವಟ್ಟಾಗಿತ್ತು. ಹೆಂಗಸರು ಕೊಡ ತುಂಬಿಕೊಂಡು ಹೋದ ಮೇಲೆ ಭೀಮಬಾಯಿ ಅಳೆದು, ಊರ ಬಾವಿ ಇಳಿದಿದೆ ಎಂದುಬಿಟ್ಟರು. ಬಾವಿಯ ಪಕ್ಕದ ಹೊಲದ ಗುರುಲಿಂಗಪ್ಪನವರ ಪಂಪು ಎಂಟು ದಿನ ನಿಂತಿತು, ಮೆಣಸಿನ ಗಿಡ ಒಣಗಿತು. ನಿಜ ತಿಳಿದಾಗ ಭೀಮಬಾಯಿ ಅಗಸಿಗೆ ಬಂದು ಎಲ್ಲರೆದುರು ತಪ್ಪೊಪ್ಪಿಕೊಂಡರು. "ಇವತ್ತಿನಿಂದ ಕೊಡಕ್ಕಿಂತ ಮುಂಚೇನೇ ಹಗ್ಗ ಇಳಸ್ತೀನ್ರಿ. ನನ್ನ ನಿದ್ದಿ ಹೋದ್ರ ಹೋಗ್ಲಿ, ಇನ್ನೊಬ್ಬರ ಬೆಳಿ ಹೋಗಬಾರದು."

ಈ ಬೇಸಿಗೆಯಲ್ಲಿ ಹಳ್ಳಕ್ಕೆ ಒಡ್ಡು ಕಟ್ಟಲು ಎಂಜಿನಿಯರ್ ಅಂಬರಾಯ ಜೀಪಿನಲ್ಲಿ ಬಂದರು. ಬೆಳಿಗ್ಗೆ ಎಂಟು ಗಂಟೆಗೆ ಟೇಪು ಇಳಿಸಿದರು. ಊರ ಲೆಕ್ಕದಲ್ಲಿ ಊರ ಬಾವಿ ಹದಿನಾಲ್ಕು ಮೊಳ, ಮೇಲಿನದು ಹದಿಮೂರು. ಊರ ಬದಿಗೇ ನೀರು ಕಡಿಮೆ ಎಂದು ಊರ ರಸ್ತೆ ಪಕ್ಕದಲ್ಲಿ ಒಡ್ಡಿನ ಗುರುತಿಗೆ ಗೂಟ ಹೊಡೆಸಿದರು. ಅದು ಭೀಮಬಾಯಿಯದೇ ಹಳೆಯ ತಪ್ಪು.

"ಸಾಹೇಬ್ರ, ಇದು ಕೊಡ ತುಂಬಿದ ಮ್ಯಾಗಿನ ನೀರು. ಊರ ಬಾವಿ ರಾತ್ರ್ಯಾಗ ತುಂಬ್ಕೋತದ. ಮ್ಯಾಲಿನವು ತುಂಬಂಗಿಲ್ಲ, ದೀಪಾವಳಿಯಿಂದ ನಾಕು ಮೊಳ ಇಳದಾವ."

"ಹಗ್ಗದ ಲೆಕ್ಕ ಹ್ಯಾಂಗ ನಂಬಲಿ, ಬಾಯಿ?"

"ನಂಬಬ್ಯಾಡ್ರಿ. ನಾಳಿ ನಸುಕಿನ್ಯಾಗ ನಿಮ್ಮ ಟೇಪು ತಗೊಂಡು ಬರ್ರಿ."

ಹಿತ್ತಲ ಗಿಡ ಮದ್ದಲ್ಲ ಎನ್ನುವ ರೋಗ ಊರಿಗೂ ಉಂಟು, ಕಚೇರಿಗೂ ಉಂಟು. ಸುತ್ತ ಕೂತಿದ್ದ ಊರವರಲ್ಲಿ ಕೆಲವರು ನಕ್ಕರು. ಆಗ ಎದ್ದವರು ಗುರುಲಿಂಗಪ್ಪ. "ಇಲ್ಲಿ ಒಡ್ಡು ಆದ್ರ ನನಗೇ ಫಾಯದಾ ಅದ. ಆದ್ರ ತಪ್ಪು ಒಪ್ಪಿಕೊಂಡ ಹಗ್ಗ ಅದು, ಸುಳ್ಳು ಹೇಳಂಗಿಲ್ಲ. ನೀವು ಬಂದು ನೋಡ್ರಿ."

ಅಂಬರಾಯ ನಸುಕಿನಲ್ಲಿ ಬಂದರು. ಊರ ಬಾವಿ ಹನ್ನೊಂದು, ಮೇಲಿನದು ಹದಿಮೂರೇ. ಟೇಪಿಗೂ ಹಗ್ಗಕ್ಕೂ ಎರಡೇ ಬೆರಳಿನ ಅಂತರ. ಅವರು ಗೂಟ ಕೀಳಿಸಿದರು. ಐದೂ ಬಾವಿಯವರು ಅಗಸಿಯ ಕಲ್ಲಿನ ಮುಂದೆ ಕುಳಿತರು. ಒಡ್ಡಿನ ಜಾಗ ಹಳ್ಳದ ಮೇಲ್ಭಾಗಕ್ಕೆ ಹೋಯಿತು, ನಕ್ಷೆ ಹೊಸದಾಯಿತು.

ನಕ್ಷೆಯ ಅಂಚಿನಲ್ಲಿ ಒಬ್ಬೊಬ್ಬರೇ ಸಹಿ ಹಾಕಿದರು. ಭೀಮಬಾಯಿಯ ಸರದಿ ಬಂದಾಗ ಅಂಬರಾಯ ಶಾಯಿ ಡಬ್ಬಿಯನ್ನು ಮುಂದೆ ಸರಿಸಿದರು. ಭೀಮಬಾಯಿ ಅದನ್ನು ಹಿಂದಕ್ಕೆ ತಳ್ಳಿ ಪೆನ್ನು ಕೇಳಿದರು.

"ಹೆಬ್ಬಟ್ಟು ಯಾಕ್ರಿ ಸಾಹೇಬ್ರ? ನನಗ ಬರೀಲಿಕ್ಕ ಬರ್ತದ."

ಐದು ಗೆರೆ ಎಳೆದರು, ಅಂದಿನ ನೀರಿಗೆ ಸರಿಯಾಗಿ.