ಅಪ್ಪನ ವಲ್ಲಿಯ ಮರೆ

ನಮ್ಮ ಮನೆಯ ಪಡಸಾಲೆಯ ಗೂಟದಲ್ಲಿ ಒಂದು ಹಳೆಯ ವಲ್ಲಿ ತೂಗುತ್ತದೆ. ಹೆಗಲಿಗೆ ಹಾಕಿಕೊಳ್ಳುವ, ಬೆವರು ಒರೆಸುವ, ಬಸ್ಸಿನಲ್ಲಿ ಸೀಟು ಹಿಡಿಯಲು ಕಿಟಕಿಯಿಂದ ಒಳಗೆಸೆಯುವ ಕೆಂಪಂಚಿನ ಬಟ್ಟೆ ಅದು. ಪಟ್ಟಣದವರು ಟವೆಲ್ಲು ಎನ್ನುತ್ತಾರೆ, ಅನ್ನಲಿ. ಒಗೆದು ಒಗೆದು ಎಷ್ಟು ತೆಳುವಾಗಿದೆಯೆಂದರೆ ಬೆಳಕಿಗೆ ಹಿಡಿದರೆ ಕಿಟಕಿಯ ಸರಳುಗಳು ಎಣಿಸುವಷ್ಟು ಕಾಣುತ್ತವೆ. ‘ನೆಲ ಒರಸಾಕರ ತಗೊಳ್ಳಲೇನ್ರಿ’ ಎಂದು ಕೆಲಸದಾಕೆ ಕೇಳಿದಾಗಲೆಲ್ಲ ನಾನು ಸಿಡುಕುತ್ತೇನೆ. ಅವಳಿಗೆ ಕಾರಣ ಹೇಳಿಲ್ಲ. ನಿಮಗೆ ಹೇಳುತ್ತೇನೆ, ಕೂತುಕೊಳ್ಳಿ.

ಅಪ್ಪ ದನದ ದಲ್ಲಾಳಿ. ಹಿರೇಹಡಗಲಿಯಿಂದ ಚಿಗಟೇರಿಯವರೆಗೆ ಯಾರ ಹಿತ್ತಲಲ್ಲಿ ಯಾವ ಎಮ್ಮೆ ಎಷ್ಟನೆಯ ಸೂಲು ಎಂಬುದು ಅವನ ನಾಲಿಗೆಯ ತುದಿಯಲ್ಲಿರುತ್ತಿತ್ತು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಆಡುವುದಿಲ್ಲ. ಕೊಳ್ಳುವವನ ಕಡೆಯವನೂ ಮಾರುವವನೂ ಕೈಗೆ ಕೈ ಕೊಟ್ಟು ಮೇಲೊಂದು ವಲ್ಲಿ ಹೊದಿಸಿಕೊಳ್ಳುತ್ತಾರೆ. ಅದರ ಮರೆಯಲ್ಲಿ ಬೆರಳು ಹಿಡಿದರೆ ಇಷ್ಟು, ಮಡಿಸಿದರೆ ಇಷ್ಟು, ಅಂಗೈ ಒತ್ತಿದರೆ ‘ಇನ್ನೊಂದಿಷ್ಟು ಏರು ಮಾರಾಯ’. ಸುತ್ತ ಹತ್ತು ಮಂದಿ ನಿಂತಿರುತ್ತಾರೆ, ಒಬ್ಬನಿಗೂ ತಿಳಿಯುವುದಿಲ್ಲ. ಇನ್ನೂ ಕುದುರದ ಬೆಲೆ ಹೊರಗೆ ಕೇಳಿಸಿತೆಂದರೆ ನಡುವೆ ಇನ್ನೊಬ್ಬ ಕೈಹಾಕಿಬಿಡುತ್ತಾನೆ, ಅದಕ್ಕೇ ಈ ಏರ್ಪಾಡು.

ಅಪ್ಪನಿಗೆ ಒಂದು ಊನವಿತ್ತು. ತುಟಿ ಅಲುಗಿಸದೆ ಎಣಿಸಲು ಅವನಿಗೆ ಬರುತ್ತಿರಲಿಲ್ಲ. ಬುಟ್ಟಿಯ ರೊಟ್ಟಿ ಎಣಿಸುವಾಗಲೂ ಸದ್ದಿಲ್ಲದೆ ತುಟಿಗಳು ಒಂದು, ಎರಡು ಎನ್ನುತ್ತಿದ್ದವು. ನಾವು ಮೂರು ಮಕ್ಕಳು ಅವನನ್ನು ಅಣಕಿಸಿ ಅವ್ವನಿಂದ ಬೈಸಿಕೊಳ್ಳುತ್ತಿದ್ದೆವು. ಸಂತೆಗೆ ಹೊರಟಾಗ ಮಾತ್ರ ಬಾಯಿ ತುಂಬ ಎಲೆಅಡಿಕೆ ಇರುತ್ತಿತ್ತು. ಚಟವೆಂದು ನಾನು ತಿಳಿದಿದ್ದೆ.

ಅಪ್ಪನಿಗೆ ಒಬ್ಬಳೇ ತಂಗಿ, ಕೊಟ್ರವ್ವ. ಚಿಕ್ಕ ವಯಸ್ಸಿನಲ್ಲೇ ಗಂಡ ಸತ್ತು ನಮ್ಮ ಮನೆಗೆ ಬಂದಿದ್ದ ಅತ್ತೆ, ಇನ್ನೊಬ್ಬರ ಒಲೆಯ ಮುಂದೆ ಕೂತು ಉಣ್ಣುವುದು ಸಾಕೆಂದು ಕೈಬಳೆ ಮಾರಿ, ಹಾಲಿನೆಮ್ಮೆ ತಂದುಕೊಡು ಎಂದು ಅಣ್ಣನ ಕೈಗೆ ದುಡ್ಡು ಕೊಟ್ಟಳು. ಅಪ್ಪ ಒಳ್ಳೆಯ ಎಮ್ಮೆಯನ್ನೇ ಆರಿಸಿದ. ವಲ್ಲಿಯ ಮರೆಯಲ್ಲಿ ಬೆಲೆ ಇನ್ನೇನು ಕೂಡುವುದರಲ್ಲಿತ್ತು. ಎಮ್ಮೆಯವನು ಹೆಂಡತಿಯನ್ನೊಂದು ಮಾತು ಕೇಳಿ ಬರುತ್ತೇನೆಂದು ಕೈಬಿಡಿಸಿಕೊಂಡು ಹೋದ. ಅಷ್ಟರಲ್ಲಿ ವಿರುಪಣ್ಣನೆಂಬ ಇನ್ನೊಬ್ಬ ದಲ್ಲಾಳಿ, ಅಪ್ಪ ಹೇಳಿದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಹೇಳಿ ಎಮ್ಮೆ ಹಿಡಿದುಬಿಟ್ಟ. ಊಟದ ಹೊತ್ತಿಗೆ ಅದೇ ಎಮ್ಮೆಯನ್ನು ಅಪ್ಪನ ಮುಂದೆ ತಂದು ನಿಲ್ಲಿಸಿ ಸಿಕ್ಕಾಪಟ್ಟೆ ಏರಿಸಿ ಕೇಳಿದ. ತಂಗಿ ತಾನೇ ಸಂತೆಗೆ ಬಂದು ಮೆಚ್ಚಿದ್ದ ಎಮ್ಮೆ. ಅಪ್ಪ ಇದ್ದಬಿದ್ದದ್ದೆಲ್ಲ ಸುರಿದು ಕೊಂಡ. ಮೇವಿಗೆ, ಹಿಂಡಿಗೆ ಏನೂ ಉಳಿಯಲಿಲ್ಲ. ಸಂಕ್ರಾಂತಿಗೆ ಮೊದಲೇ ಎಮ್ಮೆ ಮಾರಿಹೋಯಿತು, ಅತ್ತೆ ಕೊಟ್ಟೂರಿಗೆ ಹೋಗಿ ಅಂಗನವಾಡಿಯಲ್ಲಿ ಸಹಾಯಕಿಯಾದಳು.

ಹೋಗುವಾಗ ನಮ್ಮ ಬಾಗಿಲಲ್ಲಿ, ಓಣಿಯ ಮಂದಿಯ ಎದುರಿಗೆ, ಅವಳು ಒಂದೇ ಮಾತು ಹೇಳಿದಳು: “ವಲ್ಲಿ ಒಳಗ ಬೆರಳು ಏನು ಮಾತಾಡಿದ್ವೋ, ಯಾರಿಗೆ ಎಷ್ಟು ಪಾಲು ಹೋತೋ, ಯಾರು ಕಂಡಾರಣ್ಣ?” ಮರೆಯಲ್ಲಿ ನಡೆದದ್ದಕ್ಕೆ ಅಪ್ಪ ಸಾಕ್ಷಿ ಎಲ್ಲಿಂದ ತಂದಾನು? ಅವನು ಅದೇ ವಲ್ಲಿ ಹೊದ್ದು ದಲ್ಲಾಳಿತನ ಮಾಡಿಯೇ ನಮ್ಮನ್ನು ಓದಿಸಿದ, ಅಣ್ಣ ತಂಗಿ ಮತ್ತೆ ಮಾತಾಡಲಿಲ್ಲ, ವಿರುಪಣ್ಣನಿಗೆ ಬೆಲೆ ಹೇಗೆ ತಿಳಿಯಿತೆಂದು ಯೋಚಿಸುತ್ತಲೇ ಅಪ್ಪ ತೀರಿಕೊಂಡ.

ನಾನೀಗ ಹಗರಿಬೊಮ್ಮನಹಳ್ಳಿಯಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳುತ್ತೇನೆ. ಹೋದ ವರ್ಷ ಬೇಡದ ಕುತೂಹಲಕ್ಕೆ ಬಿದ್ದು, ಮೊಬೈಲಿನಲ್ಲಿ ಬ್ಲಾಕ್‌ಚೈನಿನ, ಅಂದರೆ ಎಲ್ಲರೂ ನೋಡಬಹುದಾದ ಡಿಜಿಟಲ್ ಖಾತೆ ಪುಸ್ತಕದ, ಯಾವುದೋ ನಾಣ್ಯವನ್ನು ಅಷ್ಟಿಷ್ಟು ಕೊಂಡೆ. ನಗಬೇಡಿ. ಕಂಡ ದರ ಒಂದು, ಕೈಗೆ ಬಂದ ದರ ಇನ್ನೊಂದು. ಗಣಿತದವಳಾದ ನನಗೆ ಅದನ್ನು ಸಹಿಸಲಾಗಲಿಲ್ಲ, ಜಾಲಾಡಿದೆ. ಆ ಲೋಕದಲ್ಲಿ ನೀವು ‘ಕೊಳ್ಳುತ್ತೇನೆ’ ಎಂದು ಕಳಿಸಿದ ಕೋರಿಕೆ ನೇರವಾಗಿ ಖಾತೆಯ ಪುಟಕ್ಕೆ ಏರುವುದಿಲ್ಲ. ಮೊದಲು ಒಂದು ಸರದಿಯಲ್ಲಿ ಕಾಯುತ್ತದೆ, ಕಾಯುವಷ್ಟು ಹೊತ್ತೂ ಬೆತ್ತಲೆಯಾಗಿ, ಎಲ್ಲರ ಕಣ್ಣಿಗೂ ಕಾಣುವಂತೆ. ಅದನ್ನೇ ಕಾದು ಕೂತ ಯಂತ್ರಗಳಿವೆ. ನನ್ನ ಕೋರಿಕೆ ಕಂಡದ್ದೇ ತಡ, ಒಂದು ಯಂತ್ರ ಹೆಚ್ಚು ಶುಲ್ಕ ತೆತ್ತು ಸರದಿಯಲ್ಲಿ ನನ್ನ ಮುಂದೆ ನುಗ್ಗಿ ಕೊಂಡಿತು, ದರ ಏರಿತು, ಏರಿದ ದರಕ್ಕೆ ನಾನು ಕೊಂಡೆ, ನನ್ನ ಬೆನ್ನಿಗೇ ಅದು ಮಾರಿ ಹೊರಟುಹೋಯಿತು. ವಿರುಪಣ್ಣನಿಗೆ ಅರ್ಧ ದಿನ ಹಿಡಿದ ಕೆಲಸ ರೆಪ್ಪೆ ಬಡಿಯುವುದರೊಳಗೆ ಮುಗಿದಿತ್ತು.

ಇದಕ್ಕೊಂದು ಮದ್ದನ್ನೂ ಕಂಡುಕೊಳ್ಳುತ್ತಿದ್ದಾರೆ. ಕೋರಿಕೆಗೆ ಗೂಢಲಿಪಿಯ ಬೀಗ ಹಾಕಿ ಕಳಿಸುವುದು. ಮುಚ್ಚಿದ ಲಕೋಟೆಗಳು ಬಂದು ಸಾಲಾಗಿ ಕೂರುತ್ತವೆ, ಯಾರು ಮೊದಲು ಯಾರು ಆಮೇಲೆ ಎಂಬುದು ಖಾಯಂ ಆಗುತ್ತದೆ, ಆಮೇಲಷ್ಟೇ ಬೀಗ ತೆರೆಯುತ್ತದೆ; ಒಳಗಿರುವುದು ಕಾಣುವ ಹೊತ್ತಿಗೆ ಮುಂದೆ ನುಗ್ಗಲು ಸಂದೇ ಉಳಿದಿರುವುದಿಲ್ಲ. ಕೀಲಿಯನ್ನು ಒಬ್ಬನ ಕೈಗೆ ಕೊಡದೆ ತುಂಡು ಮಾಡಿ ಹಲವರಿಗೆ ಹಂಚುತ್ತಾರೆ. ಸಾಕಷ್ಟು ಜನ ತಮ್ಮ ತುಂಡು ತಂದು ಸೇರಿಸಿದರೆ ಬೀಗ ತೆರೆಯುತ್ತದೆ, ಸೇರಿಸದಿದ್ದರೆ ಇಲ್ಲ. ಬೀಗ ಹಾಕಿದರೂ ಕಳಿಸಿದವರು ಯಾರು, ಯಾವ ಹೊತ್ತಿಗೆ, ಲಕೋಟೆ ಎಷ್ಟು ದಪ್ಪ ಎಂಬುದರಿಂದಲೇ ಜಾಣರು ಗುಟ್ಟು ಊಹಿಸಬಲ್ಲರಂತೆ. ಇದನ್ನು ಓದಿದಾಗ ನಾನು ತಲೆಯಾಡಿಸಿ ಮುಂದಿನ ಪುಟಕ್ಕೆ ಹೋದೆ, ಅಪ್ಪನ ತುಟಿ ನೆನಪಾಗಲಿಲ್ಲ.

ನನಗೆ ಹೊಳೆದದ್ದು ಬೇರೆ. ನಮ್ಮ ವಲ್ಲಿ ಮುಚ್ಚುತ್ತಿತ್ತು, ಆಮೇಲೆಂದೂ ತೆರೆಯುತ್ತಿರಲಿಲ್ಲ. ಇಲ್ಲಿ ಹಾಗಲ್ಲ, ನನ್ನ ಮುಂದೆ ನುಗ್ಗಿದ್ದು, ಹಿಂದೆ ಮಾರಿದ್ದು ಎಲ್ಲ ಖಾತೆಯ ಪುಟದಲ್ಲಿ ಅಳಿಸದಂತೆ ಕೂತಿತ್ತು. ಇದನ್ನು ಅತ್ತೆಗೆ ತೋರಿಸಬೇಕು ಅನಿಸಿತು. ನಡುವಿನವರು ಯಾರೂ ಪಾಲು ತಿನ್ನದೆಯೂ ಹೀಗೆ ಸುಲಿಗೆಯಾಗುತ್ತದೆ ಅತ್ತೆ ಎಂದು ವಿವರಿಸಿ, ಅಣ್ಣ ಕಳ್ಳನಲ್ಲ ಎಂದು ಅವಳ ಬಾಯಿಂದ ಹೇಳಿಸಬೇಕು ಎಂದುಕೊಂಡು ಭಾನುವಾರ ಕೊಟ್ಟೂರಿನ ಬಸ್ಸು ಹತ್ತಿದೆ.

ಅತ್ತೆಗೆ ಈಗ ಎಂಬತ್ತರ ಹತ್ತಿರ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟು, ಮೊಬೈಲನ್ನು ಕಣ್ಣ ಹತ್ತಿರ ಹಿಡಿದು, ನಾನು ಹೇಳಿದ್ದನ್ನೆಲ್ಲ ಕೇಳಿ, ನಕ್ಕುಬಿಟ್ಟಳು.

“ಇದನ್ನ ಹೇಳಾಕ ಬಸ್ ಹತ್ತಿ ಬಂದೀಯೇನ? ನಾ ಅವತ್ತು ಸಂತ್ಯಾಗ ಇದ್ದೆ, ಹುಣಸಿ ಗಿಡದ ಬುಡಕ. ಒಳಗ ಬೆರಳು ಒತ್ತಿದಂಗೆಲ್ಲ ಮ್ಯಾಲೆ ನಿಮ್ಮಪ್ಪನ ತುಟಿ ಅಲಗತಿದ್ವು. ವಿರುಪಣ್ಣ ಎದುರಿಗೇ ನಿಂತು ಅವನ ಬಾಯಿ ನೋಡಾಕತ್ತಿದ್ದ.”

“ಬಾಯಾಗ ಎಲಿ ಇರ್ತಿತ್ತಲ್ಲ ಅತ್ತಿ?”

“ಅವತ್ತು ಶ್ರಾವಣ ಸೋಮವಾರ. ತಂಗಿಗೆ ಚಲೋ ಎಮ್ಮಿ ಸಿಗಲಿ ಅಂತ ಉಪಾಸ ಹಿಡಿದಿದ್ದ. ಎಲಿ ಹಾಕಿರಲಿಲ್ಲ.”

ಕೈಯಲ್ಲಿದ್ದ ಬಜ್ಜಿಯನ್ನು ತಟ್ಟೆಗೆ ಹಾಕಿದೆ. “ಗೊತ್ತಿದ್ದೂ ಮಂದಿ ಮುಂದ ಕಳ್ಳ ಅಂದ್ಯಾ?”

“ಕಳ್ಳ ಅಂದ್ರ ಗಿರಾಕಿ ತಪ್ಪಂಗಿಲ್ಲ ಮಗಳ, ದಲ್ಲಾಳಿಗಳೆಲ್ಲ ಅಷ್ಟ ಅಂತಾರ. ಬಾಯಿ ಅಲಗತೈತಿ ಅಂತ ತಿಳಿದಿದ್ರ ಅವಗ ಯಾರು ಕೈ ಕೊಡ್ತಿದ್ರು? ನೀವು ಮೂರು ಮಂದಿ ಉಣ್ಣೋರಿದ್ರಿ.”

“ಅವನ ಕಿವ್ಯಾಗರ ಹೇಳಬೇಕಿಲ್ಲೇನ?”

ಅತ್ತೆ ಮಂಡಕ್ಕಿಯ ತಟ್ಟೆಯನ್ನು ಆಚೆ ಸರಿಸಿದಳು. “ಸಿಟ್ಟಿತ್ತು. ನನ್ನ ಎಮ್ಮಿ ಹೋಗಿತ್ತು. ಸಿಟ್ಟು ಇಳೀಲಿ, ಆಮ್ಯಾಲೆ ಹೇಳಿದ್ರಾತು ಅಂದ್ಕೊಂಡೆ. ಇಳಿದ ಮ್ಯಾಲ ನಾಚಿಗಿ ಬಂತು. ಅಷ್ಟರಾಗ ಅಂವಾ ಹೋಗೇಬಿಟ್ಟ.”

ಓದುಗ ಮಿತ್ರರೇ, ನನಗೆ ಅವಳ ಮೇಲೆ ಬಂದ ಸಿಟ್ಟನ್ನು ಮುಚ್ಚಿಡಲಾರೆ. ಅವಳ ಆ ಸುಳ್ಳಿನ ಅನ್ನವನ್ನೇ ಉಂಡು ನಾನು ಎಂ.ಎಸ್ಸಿ. ಮಾಡಿದ್ದೇನೆಂಬುದು ಗೊತ್ತಿದ್ದೂ ಬಂದ ಸಿಟ್ಟು. ಅಪ್ಪ ಅಷ್ಟು ವರ್ಷ ಹುಡುಕಿದ ಬೀಗದ ಕೀಲಿ ಈ ಮುದುಕಿಯ ಸೆರಗಿನಲ್ಲಿತ್ತು. ಹೊರಡುವಾಗ ಅವಳು ಬಾಗಿಲವರೆಗೆ ಬಂದು, ಎಂದೂ ಏನನ್ನೂ ಕೇಳದವಳು, ತಗ್ಗಿದ ದನಿಯಲ್ಲಿ ಕೇಳಿದಳು: “ಅಣ್ಣನ ಆ ವಲ್ಲಿ ಐತೇನವ್ವ ಇನ್ನಾ? ಇದ್ರ ನನಗ ಕೊಡ್ತೀಯಾ?”

“ಎಲ್ಲಿ ವಲ್ಲಿ ಅತ್ತಿ, ಎಂದೋ ಹರದುಹೋತು. ನೆಲ ಒರಸಾಕ ಹಾಕಿದ್ವಿ” ಎಂದೆ.

ಅವಳು “ಹೌದಾ” ಎಂದು ಒಳಗೆ ಹೋದಳು.

ಅದು ಸುಳ್ಳೆಂದು ನಿಮಗೆ ಗೊತ್ತು, ಮೊದಲ ಸಾಲಿನಲ್ಲೇ ಹೇಳಿದ್ದೇನೆ. ವಲ್ಲಿ ಗೂಟದಲ್ಲೇ ಇದೆ. ಕೆಲಸದಾಕೆ ಕೇಳುತ್ತಾಳೆ, ನಾನು ಸಿಡುಕುತ್ತೇನೆ. ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಕೊಟ್ಟೂರಿಗೆ ಹೋಗಿ ಕೊಟ್ಟುಬರಬೇಕು, ಒಂದೂವರೆ ತಾಸಿನ ದಾರಿಯೂ ಅಲ್ಲ. ಸಿಟ್ಟು ಇಳಿದು ಎಂಟು ತಿಂಗಳಾಯಿತು. ಈಗ ಹೇಗೆ ಹೋಗುವುದೆಂದು ನಾಚಿಕೆಯಾಗುತ್ತಿದೆ.